ಕಲ್ಲಿನೊಳಗಿನ ಕುಲುಮೆ

ದಾವಣಗೆರೆ ಹಳೇಪೇಟೆಯ ಕಮ್ಮಾರ ಏಕಾಂತಪ್ಪನಿಗೆ ಒಂದು ಚಟವಿತ್ತು. ಕುಡಿತವಲ್ಲ, ಇಸ್ಪೀಟಲ್ಲ, ಅವಾದರೆ ಹೇಗೋ ಬಿಡಿಸಬಹುದಿತ್ತು. ಅವನದು ಮಾತಿನ ಚಟ. ಕುಲುಮೆಗೆ ಯಾರೇ ಬರಲಿ, ನೇಗಿಲ ಕುಳ ಹಣಿಸಿ ಚೂಪು ಮಾಡಿಸಲು ಬಂದ ರೈತನಿರಲಿ, ವಿಳಾಸ ಕೇಳಲು ನಿಂತ ಪೋಸ್ಟ್‌ಮ್ಯಾನ್ ಇರಲಿ, ಕಬ್ಬಿಣದ ಬಗ್ಗೆ ಅರ್ಧ ಗಂಟೆ ಕೇಳಿಸಿಕೊಂಡೇ ಹೋಗಬೇಕು. ಕಬ್ಬಿಣದ ಬಗ್ಗೆ ಎಂದು ಶುರುವಾದದ್ದು ಐದೇ ನಿಮಿಷದಲ್ಲಿ ಏಕಾಂತಪ್ಪನ ಬಗ್ಗೆ ಆಗಿಬಿಡುತ್ತಿತ್ತು.

ಅವನ ಹೆಂಡತಿ ಹೊನ್ನಕ್ಕ ಕುಲುಮೆಯಲ್ಲಿ ಮಾತಾಡುತ್ತಿರಲಿಲ್ಲ. ಹನ್ನೆರಡು ಪೌಂಡಿನ ದೊಡ್ಡ ಸುತ್ತಿಗೆ ಎತ್ತಿ ಬಡಿಯುವವಳಿಗೆ ಮಾತಾಡಲು ಉಸಿರಾದರೂ ಎಲ್ಲಿರಬೇಕು? ಏಕಾಂತಪ್ಪ ಬಡಿಗಲ್ಲಿನ ಮುಂದೆ ಕೂತು, ಎಡಗೈಯ ಇಕ್ಕಳದಲ್ಲಿ ಕೆಂಪಗೆ ಕಾದ ಕಬ್ಬಿಣ ಹಿಡಿದು, ಬಲಗೈಯ ಸಣ್ಣ ಸುತ್ತಿಗೆಯಿಂದ ಅದರ ಮೇಲೆ ಟಣ್ ಎಂದು ತಟ್ಟುತ್ತಿದ್ದ. ಅವನು ತಟ್ಟಿದ ಜಾಗಕ್ಕೇ ಅವಳ ಏಟು ಬೀಳಬೇಕು. ಎರಡು ಸಲ ತಟ್ಟಿದರೆ ಏಟು ಜೋರಾಗಬೇಕು. ಕಬ್ಬಿಣ ಬಿಟ್ಟು ಬರೀ ಬಡಿಗಲ್ಲಿನ ಅಂಚಿಗೆ ತಟ್ಟಿದರೆ ನಿಲ್ಲಿಸು ಎಂದರ್ಥ. ಮದುವೆಯಾಗಿ ಇಪ್ಪತ್ತಾರು ವರ್ಷವಾಗಿತ್ತು, ಈ ಮಾತುಕತೆ ಒಮ್ಮೆಯೂ ಕೆಟ್ಟಿರಲಿಲ್ಲ. ಬಾಯಿಂದ ಆಡಿದ ಮಾತುಗಳ ಬಗ್ಗೆ ಹಾಗೆ ಹೇಳುವಂತಿರಲಿಲ್ಲ.

ದಾವಣಗೆರೆ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ರೋಹಿಣಿ ಮಳೆ ಒಂದು ಹದ ಬಿದ್ದು, ಕುಕ್ಕುವಾಡ, ಆನಗೋಡಿನ ಕಡೆಯ ರೈತರೆಲ್ಲ ಒಟ್ಟಿಗೇ ಕುಳ, ಕುಂಟೆ ಹೊತ್ತು ತಂದು ಕುಲುಮೆಯ ಮುಂದೆ ಗುಡ್ಡೆ ಹಾಕಿದ್ದರು. ಅಂಥ ಕೆಲಸದ ದಿನ ನೋಡಿಕೊಂಡೇ ರುದ್ರಮುನಿ ಮೇಷ್ಟ್ರು ಸ್ಕೂಟರ್ ನಿಲ್ಲಿಸಿದರು. ಅವರು ಊರಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವವರು. ಹೊಸ ಜಿಲ್ಲೆಯ ಹಳೇ ಶಿಲ್ಪಗಳ ಮೇಲೆ ಒಂದು ಪುಸ್ತಕ ಬರೆಯುತ್ತಿದ್ದರು. ಚೀಲದಿಂದ ಒಂದು ಕಪ್ಪುಬಿಳುಪು ಫೋಟೊ ತೆಗೆದು ಏಕಾಂತಪ್ಪನ ಮುಖದ ಮುಂದೆ ಹಿಡಿದರು.

"ಹರಿಹರದ ಹೊಳೆ ದಂಡೆ ಮೇಲೆ ಸಿಕ್ಕಿದ್ದು. ಏಳುನೂರು ವರ್ಷದ್ದು. ಅಪರಾಧಿಗೆ ಶಿಕ್ಷೆ ಕೊಡೋ ದೃಶ್ಯ ಅಂತ ನನ್ನ ಊಹೆ. ನಿಂತೋನು ದಂಡನಾಯಕ, ಗದೆ ಎತ್ತಿದಾನೆ. ಕೂತೋನು ಬೇಡ್ಕೊಳ್ತಿದಾನೆ. ಆದ್ರೂ ಆ ಗದೆ ಸುತ್ತಿಗೆ ಥರ ಕಾಣುತ್ತೆ, ಅದಕ್ಕೇ ನಿಮ್ಮನ್ನ ಕೇಳೋಣ ಅಂತ ಬಂದೆ."

ಏಕಾಂತಪ್ಪ ಫೋಟೊ ನೋಡಿದ. ನಿಂತವರ ಮೈಮೇಲೆ ತಲೆಯಿಂದ ಮೊಣಕಾಲಿನವರೆಗೆ ಎಣ್ಣೆ, ಕುಂಕುಮ ಮೆತ್ತಿ ಬರೀ ಕರೀ ಗಡ್ಡೆ ಕಾಣುತ್ತಿತ್ತು. ಎತ್ತಿದ ಸುತ್ತಿಗೆ ಮಾತ್ರ ಸ್ಪಷ್ಟವಾಗಿತ್ತು. ಕೂತವನನ್ನು ನೋಡಿದ್ದೇ ತಡ, ತೊಡೆ ತಟ್ಟಿಕೊಂಡು ನಕ್ಕ.

"ಬೇಡ್ಕೊಳ್ಳೋನ ಕೈಯಾಗೆ ಇಕ್ಕಳ ಯಾಕಿರ್ತದೆ ಮೇಷ್ಟ್ರೇ? ಇದು ಕುಲುಮೆ. ಇಲ್ಲಿ ನೋಡ್ರಿ, ಬಡಿಗಲ್ಲು. ಇಲ್ಲಿ ಸಣ್ಣ ಸುತ್ತಿಗೆ. ಕೂತೋನು ಯಜಮಾನ, ಕಮ್ಮಾರ. ಅಂದ್ರೆ ನಾನು. ಕುಂಡ್ರೋ ರೀತೀನೂ ನಂದೇ ಐತೆ ನೋಡ್ರಿ, ಎಡಗಾಲು ಮಡಚಿ."

ಮೇಷ್ಟ್ರ ಕಣ್ಣು ಅಗಲವಾದವು. ನೋಟ್‌ಬುಕ್ ತೆಗೆದು ಸರಸರ ಬರೆದುಕೊಳ್ಳತೊಡಗಿದರು. ಏಕಾಂತಪ್ಪ ಹೇಳಿದ್ದನ್ನು ಒಬ್ಬ ಓದಿದವನು ಬರೆದುಕೊಂಡದ್ದು ಅವನ ಜನ್ಮದಲ್ಲಿ ಅದೇ ಮೊದಲು. ಅವನಿಗೆ ಮೈಮೇಲಿನ ಎಚ್ಚರ ತಪ್ಪಿತು.

"ಹಾಗಾದ್ರೆ ನಿಂತೋನು ಯಾರು?" ಎಂದರು ಮೇಷ್ಟ್ರು.

"ಅದು ಬಿಡ್ರಿ, ಬಡಿಯೋ ಆಳು. ಎತ್ತೋದು, ಬಿಡೋದು, ಅಷ್ಟೇ ಅದ್ರ ಕೆಲಸ. ತಲೆ ಎಲ್ಲಾ ಕೂತೋನ್ದು."

ಮೇಷ್ಟ್ರು ಬರೆದುಕೊಂಡರು: ನಿಂತವನು, ಆಳು. ಏಕಾಂತಪ್ಪ ಬೆಂಕಿಯಿಂದ ಕುಳ ತೆಗೆದು ಬಡಿಗಲ್ಲಿನ ಮೇಲಿಟ್ಟು ಟಣ್ ಎಂದು ತಟ್ಟಿದ. ಏಟು ಬೀಳಲಿಲ್ಲ. ಎರಡು ಸಲ ತಟ್ಟಿದ. ಆಗಲೂ ಇಲ್ಲ. ತಲೆ ಎತ್ತಿ ನೋಡಿದರೆ ದೊಡ್ಡ ಸುತ್ತಿಗೆ ನೆಲಕ್ಕೆ ಊರಿತ್ತು, ಹೊನ್ನಕ್ಕ ಆಚೆ ಕೊಡದ ಹತ್ತಿರ ನಿಂತು ಮೊಣಕೈವರೆಗೆ ಕೈ ತೊಳೆಯುತ್ತಿದ್ದಳು.

"ಏ ಇವ್ಳೇ, ಕಬ್ಬಿಣ ಆರ್ತೈತೆ."

"ತಲೆ ಐತಲ್ಲ," ಎಂದಳು ಹೊನ್ನಕ್ಕ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ. "ಅದ್ರಾಗೇ ಬಡೀರಿ."

ಅಷ್ಟು ಹೇಳಿ ಹಿತ್ತಲ ಬಾಗಿಲಿನಿಂದ ಮನೆಯೊಳಗೆ ಹೋದಳು. ಮೇಷ್ಟ್ರು ಬುದ್ಧಿವಂತರು, ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಸ್ಕೂಟರ್ ಹತ್ತಿದರು.

ಸಂಜೆಗೆ ಸರಿಹೋಗುತ್ತದೆ ಎಂದುಕೊಂಡಿದ್ದ ಏಕಾಂತಪ್ಪ. ಸಂಜೆ ಹೊನ್ನಕ್ಕ ಬಿಸಿ ರೊಟ್ಟಿ ಬಡಿದು, ಬದನೇಕಾಯಿ ಪಲ್ಯ ಮಾಡಿ, ತಟ್ಟೆ ಇಟ್ಟು, "ಊಟಕ್ಕೆ ಏಳ್ರಿ ಯಜಮಾನ್ರೇ," ಎಂದಳು. ಸಿಟ್ಟಿಲ್ಲ, ಮುಖ ಊದಿಸಿಕೊಂಡದ್ದಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದಳು. ಬರೀ ಆ ಯಜಮಾನ್ರೇ ಎಂಬ ಮಾತು ಮಾತ್ರ ಅವಳ ಬಾಯಿಂದ ಇಳಿಯಲಿಲ್ಲ. ನೀರು ಕಾದೈತೆ ಯಜಮಾನ್ರೇ, ಹಾಸಿಗೆ ಹಾಸೀನಿ ಯಜಮಾನ್ರೇ. ಎರಡನೇ ದಿನಕ್ಕೆ ಏಕಾಂತಪ್ಪ ಅರ್ಧ ಊಟಕ್ಕೇ ಏಳತೊಡಗಿದ. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೂರನೇ ದಿನ ಕುಕ್ಕುವಾಡದ ಕೆಂಚವೀರಪ್ಪ ಬಂದು ಕುಲುಮೆಯ ಮುಂದಿನ ಬೆಂಚಿನ ಮೇಲೆ ಕೂತ. ನಲವತ್ತು ಎಕರೆಯ ಸಾಹುಕಾರ, ಅವನ ಹನ್ನೊಂದು ಕುಳ ಆ ಗುಡ್ಡೆಯಲ್ಲಿದ್ದವು. "ಭೂಮಿ ಹದ ಆರಕ್ ಹತ್ತೈತಪ್ಪ ಏಕಾಂತಪ್ಪ. ಕುಳ ಕೊಟ್ರೆ ಎದ್ದು ಹೋಗ್ತೀನಿ. ಇಲ್ಲಾಂದ್ರೆ ಇಲ್ಲೇ ಕುಂತಿರ್ತೀನಿ," ಎಂದು ಮಂಡಕ್ಕಿ ಪೊಟ್ಟಣ ಬಿಚ್ಚಿದ.

ಏಕಾಂತಪ್ಪ ಒಬ್ಬನೇ ಮಾಡಿ ನೋಡಿದ. ಇಕ್ಕಳ ಹಿಡಿದರೆ ದೊಡ್ಡ ಸುತ್ತಿಗೆ ಎತ್ತಲು ಕೈಯಿಲ್ಲ, ದೊಡ್ಡ ಸುತ್ತಿಗೆ ಎತ್ತಿದರೆ ಇಕ್ಕಳ ಹಿಡಿಯಲು ಕೈಯಿಲ್ಲ. ಇಕ್ಕಳವನ್ನು ತೊಡೆಸಂದಿಯಲ್ಲಿ ಸಿಕ್ಕಿಸಿಕೊಂಡು ಒಂದೇಟು ಹಾಕಿದ. ಆಮೇಲೆ ಅರ್ಧ ಗಂಟೆ ತೊಡೆಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕೂತ. ಕೆಂಚವೀರಪ್ಪ ಇನ್ನೊಂದು ಮಂಡಕ್ಕಿ ಪೊಟ್ಟಣ ತರಿಸಿದ.

ಕೊನೆಗೆ ಪಕ್ಕದ ವೆಲ್ಡಿಂಗ್ ಅಂಗಡಿಯ ರಜಾಕ್‌ನನ್ನು ಕರೆದ. ರಜಾಕ್ ಆರಡಿ ಆಳು, ಕೈಗಳು ಒಂದೊಂದೂ ಒನಕೆ.

"ನೋಡೋ, ಏನೂ ಇಲ್ಲ ಇದ್ರಾಗೆ," ಎಂದ ಏಕಾಂತಪ್ಪ. "ನಾನು ಎಲ್ಲಿ ತಟ್ತೀನೋ ಅಲ್ಲೇ ಹೊಡಿ."

"ಅಷ್ಟೇ ಏನಣ್ಣ? ಇದಕ್ಕ ನೀನು ಮೂರು ದಿನ ಪರೇಶಾನ್ ಆದಿ?" ಎಂದು ರಜಾಕ್ ತೋಳು ಮಡಚಿದ.

ಮೊದಲ ನಾಲ್ಕು ಏಟು ಚೆನ್ನಾಗಿಯೇ ಬಿದ್ದವು. ಕುಳದ ಮೊನೆ ತೆಳ್ಳಗಾಗುತ್ತಿತ್ತು, ಸಾಕು ಎನಿಸಿ ಏಕಾಂತಪ್ಪ ಎಂದಿನಂತೆ ಬಡಿಗಲ್ಲಿನ ಅಂಚಿಗೆ ತಟ್ಟಿದ. ರಜಾಕ್ ಮಾತಿಗೆ ತಪ್ಪುವವನಲ್ಲ. ತಟ್ಟಿದ ಜಾಗಕ್ಕೇ, ಬರೀ ಬಡಿಗಲ್ಲಿನ ಅಂಚಿಗೇ, ಮೈಯೆಲ್ಲ ಸೇರಿಸಿ ಒಂದು ಕೊಟ್ಟ. ಸುತ್ತಿಗೆ ಎದ್ದು ಹಾರಿ ಗೋಡೆಗೆ ಬಿತ್ತು. ಕಾದ ಕುಳ ಇಕ್ಕಳ ಬಿಟ್ಟು ಹೋಗಿ ಕೆಂಚವೀರಪ್ಪನ ಮಂಡಕ್ಕಿಯ ಮೇಲೆ ಕೂತಿತು. ಕಾಗದ ಹತ್ತಿಕೊಂಡು, ಮಂಡಕ್ಕಿ ಕರಕಲಾಗಿ, ಸಾಹುಕಾರ ಕಚ್ಚೆ ಎತ್ತಿಕೊಂಡು ರಸ್ತೆಯ ಆಚೆಗೆ ಹೋಗಿ ನಿಂತ.

"ನಿಲ್ಸು ಅಂತ ತಟ್ಟಿದ್ನಲ್ಲೋ," ಎಂದ ಏಕಾಂತಪ್ಪ.

"ತಟ್ಟಿದ ಕಡೆ ಹೊಡಿ ಅಂದಿ, ಹೊಡದೆ. ನಿಲ್ಸೋದಕ್ಕೂ ತಟ್ತಾರಂತ ನನಗೇನ್ ಗೊತ್ತಣ್ಣ?" ರಜಾಕ್ ಮಣಿಕಟ್ಟು ಹಿಡಿದುಕೊಂಡು ಕೂತಿದ್ದ. "ಅಕ್ಕ ಇಷ್ಟು ವರ್ಷ ಹೆಂಗೆ ತಿಳ್ಕಂಡ್ಲು? ಹೋಗಿ ಮಾಫಿ ಕೇಳು. ನಂಗೆ ನಾಳೆ ಗೇಟು ವೆಲ್ಡ್ ಮಾಡೋದೈತೆ."

ಅಂದು ಮಧ್ಯಾಹ್ನ ಏಕಾಂತಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಹೊನ್ನಕ್ಕ ಸೊಪ್ಪು ಬಿಡಿಸುತ್ತಿದ್ದಳು.

"ಏನೋ ಬಾಯ್ತಪ್ಪಿ ಬಂತು. ಬಿಟ್ಟಾಕು."

"ಬಾಯಾಗಿನ ಮಾತು ಬಿಟ್ಟೆ," ಎಂದಳು. "ಮೇಷ್ಟ್ರು ಬರ್ಕಂಡು ಹೋದ್ರಲ್ಲ, ಅದನ್ನ ಹೆಂಗೆ ಬಿಡಾದು? ಪುಸ್ತಕದಾಗೆ ಅಚ್ಚಾಗ್ತೈತೆ. ಸುತ್ತಿಗೆ ಎತ್ತಿದೋರು ಆಳು ಅಂತ ನಮ್ಮ ಮೊಮ್ಮಕ್ಕಳು ಓದ್ಬೇಕು. ಅದನ್ನ ಹೊಡೆಸಿ ಹಾಕ್ರಿ. ಅಲ್ಲೀವರ್ಗೂ ನಾನು ಬಡಿಗಲ್ ಹತ್ರ ಬರಲ್ಲ."

ಇಲ್ಲಿ ಏಕಾಂತಪ್ಪ ಸುಮ್ಮನೆ ಹೂಂ ಎಂದಿದ್ದರೆ ಈ ಕಥೆ ಮುಗಿಯುತ್ತಿತ್ತು. ಆದರೆ ಒಬ್ಬ ಕಾಲೇಜು ಮೇಷ್ಟ್ರು ತನ್ನಿಂದ ಕೇಳಿ ಬರೆದುಕೊಂಡದ್ದನ್ನು ತಾನೇ ಹೋಗಿ ಅಳಿಸುವುದೆಂದರೆ ಅವನಿಗೆ ಆಗದ ಮಾತು.

"ಅಲ್ವೇ, ಆ ಕಲ್ಲಿನಾಗೆ ಇರಾದು ಗಂಡಸು. ಯಾವನೋ ಗಂಡಸನ್ನ ಆಳು ಅಂದ್ರೆ ನಿಂಗ್ಯಾಕ ಸಿಟ್ಟು?"

ಹೊನ್ನಕ್ಕ ಸೊಪ್ಪು ಕೆಳಗಿಟ್ಟಳು. "ಗಂಡಸು ಅಂತ ನೋಡೀರಾ? ಫೋಟೊದಾಗೆ ಬರೀ ಎಣ್ಣೆ ಜಿಡ್ಡು ಕಾಣ್ತಿತ್ತು."

"ಇನ್ನೇನು ಹೆಂಗಸಾ?"

"ಹಂಗಾದ್ರೆ ಹೋಗಿ ನೋಡಾಣ. ಗಂಡಸಾಗಿದ್ರೆ ತುಟಿ ಬಿಚ್ಚದಂಗೆ ಬಂದು ಸುತ್ತಿಗೆ ಎತ್ತೀನಿ. ಹೆಂಗಸಾಗಿದ್ರೆ ಅಲ್ಲೇ, ಮೇಷ್ಟ್ರ ಎದ್ರಿಗೇ, ನಿಮ್ಮ ಬಾಯಿಂದ್ಲೇ ಆಳು ಅನ್ನೋದನ್ನ ಹೊಡೆಸ್ಬೇಕು. ಏನ್ ಬರೀಬೇಕು ಅನ್ನೋದನ್ನೂ ನೀವೇ ಹೇಳ್ಬೇಕು."

ಗೆದ್ದೇ ಗೆಲ್ಲುತ್ತೇನೆಂಬ ಧೈರ್ಯದಲ್ಲಿ ಏಕಾಂತಪ್ಪ ಆಗಲಿ ಎಂದ. ಮೇಷ್ಟ್ರಿಗೆ ಹೇಳಿಕಳಿಸಿದರೆ ಅವರು ಇವನಿಗಿಂತ ಮೊದಲೇ ತಯಾರಾದರು. ಸೋಮವಾರ ಪುಸ್ತಕ ಪ್ರೆಸ್ಸಿಗೆ ಕೊಡಬೇಕಿತ್ತು.

ಭಾನುವಾರ ಬೆಳಿಗ್ಗೆ ಮೂವರೂ ಹರಿಹರದ ಬಸ್ಸು ಹತ್ತಿದರು. ಹೊನ್ನಕ್ಕ ಕೈಚೀಲದಲ್ಲಿ ಸೀಗೆಪುಡಿ, ತೆಂಗಿನ ನಾರು ಇಟ್ಟುಕೊಂಡಿದ್ದಳು. ದಾರಿಯುದ್ದಕ್ಕೂ ಏಕಾಂತಪ್ಪ ಮೇಷ್ಟ್ರಿಗೆ ಹಳೇಕಾಲದ ಗಂಡಸರ ತೋಳಿನ ಶಕ್ತಿಯ ಬಗ್ಗೆ ಹೇಳಿದ. ಹೊನ್ನಕ್ಕ ಕಿಟಕಿಯಾಚೆ ನೋಡುತ್ತ ಕೂತಿದ್ದಳು.

ಕಲ್ಲು ಇದ್ದದ್ದು ಹೊಳೆಗೆ ಇಳಿಯುವ ದಾರಿಯ ಪಕ್ಕ, ನಾಲ್ಕು ಚಪ್ಪಡಿ ನಿಲ್ಲಿಸಿದ ಒಂದು ಪುಟ್ಟ ಗುಡಿಯಲ್ಲಿ. ಅದರ ಮುಂದೆ ಎಪ್ಪತ್ತು ದಾಟಿದ ರಂಗವ್ವ ಎಲೆಯಡಿಕೆ ಕುಟ್ಟುತ್ತ ಕೂತಿದ್ದಳು. ಆ ಕಲ್ಲಿಗೆ ಪೂಜಾರಿ, ಕಾವಲುಗಾರ್ತಿ, ಇತಿಹಾಸಗಾರ್ತಿ ಎಲ್ಲ ಅವಳೇ.

"ಬರ್ರಿ, ಅವ್ವನ್ನ ನೋಡಕ್ಕೆ ಬಂದ್ರಾ?" ಎಂದಳು. "ಭಾಳ ಸಿಟ್ಟಿನ ದೇವ್ರು. ನೋಡ್ರಿ, ಹೆಂಗೆ ಆಯುಧ ಎತ್ಯಾಳೆ. ಕೆಳಗೆ ಕುಂತೋನು ರಾಕ್ಷಸ."

ಏಕಾಂತಪ್ಪ ಬಗ್ಗಿ ನೋಡಿದ. ಕೂತವನಿಗೆ ಮೂಗಿರಲಿಲ್ಲ. ಕೆನ್ನೆ ಸವೆದು ನುಣ್ಣಗಾಗಿತ್ತು. ಪಕ್ಕದಲ್ಲಿ ಒಂದು ಹಳೇ ಚಪ್ಪಲಿ, ಒಂದೇ, ಕಲ್ಲಿಗೆ ಒರಗಿಸಿ ಇಟ್ಟಿತ್ತು.

"ಇದ್ಯಾಕ ಇಲ್ಲೈತೆ ಯವ್ವ?"

"ರಾಕ್ಷಸಗೆ. ಗಂಡ ಕುಡ್ದು ಬಂದ, ಬಡ್ದ, ಮಾತು ಮೀರಿದ ಅಂದ್ರೆ ಹೆಂಗಸ್ರು ಮಂಗ್ಳಾರ ಬಂದು ಇವ್ನಿಗೆ ಆ ಚಪ್ಲೀಲಿ ಮೂರು ಹಾಕಿ ಹೋಗ್ತಾರೆ. ಗಂಡ ಸರಿಹೋಗ್ತಾನೆ. ನಮ್ಮತ್ತೆ ಕಾಲದಿಂದ ಬಂದಿದ್ದು."

ಏಕಾಂತಪ್ಪನ ಕೈ ತಾನಾಗಿಯೇ ಅವನದೇ ಮೂಗಿಗೆ ಹೋಯಿತು. ಇದು ನಾನು, ಕೂತ ರೀತಿಯೂ ನಂದೇ ಎಂದು ಬಾಯಿ ತುಂಬ ಹೇಳಿಕೊಂಡಿದ್ದನಲ್ಲ, ಈಗ ತಡೆಯಲಾಗಲಿಲ್ಲ.

"ಯವ್ವ, ಇಂವ ರಾಕ್ಷಸ ಅಲ್ಲ, ಕಮ್ಮಾರ. ಕೈಯಾಗೆ ಇಕ್ಕಳ ಐತೆ ನೋಡು."

"ಅದು ಹಾವು."

"ಅಮ್ಮಾ, ಇದು ಹೊಯ್ಸಳರ ಕಾಲದ ಶಿಲ್ಪ..." ಎಂದು ಮೇಷ್ಟ್ರು ಶುರುಮಾಡಿದರು.

"ದಿನಾ ಎಣ್ಣೆ ಹಚ್ಚೋಳು ನಾನು. ನಿಮ್ಮ ಹೊಯ್ಸಳ್ರು ಒಂದಿನ ಬಂದಾರೇನು?"

ಕಲ್ಲು ತೊಳೆದು ನೋಡಬೇಕು ಎಂದು ಹೇಳಲು ಮೇಷ್ಟ್ರಿಗೆ ಮತ್ತೆ ಬಾಯಿ ಬರಲಿಲ್ಲ. ಹೊನ್ನಕ್ಕ ಮುಂದೆ ಬಂದು ರಂಗವ್ವನ ಪಕ್ಕ ಕೂತಳು, ಅಡಿಕೆ ಕೇಳಿ ಬಾಯಿಗೆ ಹಾಕಿಕೊಂಡಳು. "ಯವ್ವ, ಅವ್ವಗೆ ತಲೆ ಮೈ ತೊಳ್ದು ಎಷ್ಟು ದಿನ ಆತು? ಸೀಗೆಪುಡಿ ತಂದೀನಿ. ನಾನೇ ಎರೀತೀನಿ," ಎಂದಳು. ರಂಗವ್ವ ಅವಳ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದಳು. ದೊಡ್ಡ ಸುತ್ತಿಗೆಯ ಹಿಡಿಯಿಂದ ಬಂದ ಜಡ್ಡು ಬೆರಳಿನ ಬುಡದಲ್ಲೆಲ್ಲ ಹಳದಿಗಟ್ಟಿತ್ತು.

"ದುಡ್ದ ಕೈ. ಎರಿ ಮಗಳೇ. ಗಂಡಸ್ರು ಮುಟ್ಬ್ಯಾಡ್ರಿ, ದೂರ ನಿಲ್ರಿ."

ಏಕಾಂತಪ್ಪ ಹೊಳೆಯಿಂದ ನೀರು ತರುವ ಕೆಲಸಕ್ಕೆ ನೇಮಕವಾದ. ಹನ್ನೆರಡು ಕೊಡ ಹೊತ್ತ. ಹೊನ್ನಕ್ಕ ಸೀಗೆಪುಡಿ ಹಚ್ಚಿ, ನಾರಿನಿಂದ ತಿಕ್ಕಿ, ನೀರು ಸುರಿಯುತ್ತಲೇ ಇದ್ದಳು. ಎಷ್ಟೋ ವರ್ಷದ ಎಣ್ಣೆ ಜಿಡ್ಡು ಕರಗಿ ಕಪ್ಪು ನೀರಾಗಿ ಹರಿಯಿತು. ಮೊದಲು ಕಂಡದ್ದು ಕತ್ತಿನ ಹಿಂದೆ ದೊಡ್ಡ ತುರುಬು. ಆಮೇಲೆ ಮುಂಗೈಗಳಲ್ಲಿ ಬಳೆಗಳ ಸಾಲು. ಸೀರೆಯನ್ನು ಎತ್ತಿ ಕಚ್ಚೆ ಹಾಕಿದ ನೆರಿಗೆಗಳು ಒಂದೊಂದೂ ಎಣಿಸುವಂತಿದ್ದವು.

"ಹೆಂಗಸು," ಎಂದರು ಮೇಷ್ಟ್ರು ಮೆಲ್ಲಗೆ.

ಏಕಾಂತಪ್ಪ ಹನ್ನೆರಡನೇ ಕೊಡ ಕೆಳಗಿಟ್ಟ. ಸೋತದ್ದು ಖಾತ್ರಿಯಾಗಿತ್ತು, ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಹೊನ್ನಕ್ಕ ಕೊನೆಯ ಚೊಂಬು ಸುರಿದಾಗ ಸೊಂಟದ ಮೇಲಿನ ಗಡ್ಡೆ ಕರಗಲಿಲ್ಲ. ಅದು ಎಣ್ಣೆಯಾಗಿರಲಿಲ್ಲ. ನಿಂತವಳ ಹೊಟ್ಟೆ ಮುಂದಕ್ಕೆ ದುಂಡಗೆ ಬಂದಿತ್ತು. ಏಳೆಂಟು ತಿಂಗಳು. ಭಾರ ಹಿಂದಕ್ಕೆ ಬೀಳದಂತೆ ಬಲಗಾಲು ಸ್ವಲ್ಪ ಅಗಲಿಸಿ ಊರಿದ್ದಳು, ಬಸುರಿ ಹೆಂಗಸು ಸುತ್ತಿಗೆ ಎತ್ತಬೇಕಾದರೆ ಹೇಗೆ ಊರಬೇಕೋ ಹಾಗೆಯೇ. ಆ ಶಿಲ್ಪಿ ಯಾರೋ, ಕುಲುಮೆಯ ಮುಂದೆ ದಿನಗಟ್ಟಲೆ ಕೂತು ನೋಡಿದವನೇ ಇರಬೇಕು.

ಹೊನ್ನಕ್ಕ ಒದ್ದೆ ಕೈ ಹಾಗೇ ಇಟ್ಟುಕೊಂಡು ಆ ಹೊಟ್ಟೆಯನ್ನೇ ನೋಡುತ್ತಿದ್ದಳು. ಏಕಾಂತಪ್ಪನಿಗೆ ನೆನಪಾಯಿತು. ಮಗಳು ಸುಧಾ ಹುಟ್ಟುವ ಹಿಂದಿನ ವಾರದವರೆಗೂ ಹೊನ್ನಕ್ಕ ಹೀಗೇ ನಿಂತಿದ್ದಳು. ತನ್ನ ಬಾಯಿಗೆ ಆಳು ಎಂಬ ಮಾತು ಹೇಗೆ ಬಂತೋ ಎಂದು ಅವನಿಗೆ ನಾಚಿಕೆಯಾಯಿತು, ಸುಡುವ ನಾಚಿಕೆ.

"ಮೇಷ್ಟ್ರೇ, ಆಳು ಅನ್ನೋದನ್ನ ಹೊಡೀರಿ," ಎಂದ. "ಬರೀ ಗೆರೆ ಎಳೀಬ್ಯಾಡ್ರಿ, ಕಾಣದಂಗೆ ಹೊಡೀರಿ. ಕಮ್ಮಾರ ಅಂತ ಬರ್ದಿದ್ರಲ್ಲ ಕೂತೋನಿಗೆ, ಅದನ್ನ ನಿಂತಾಕಿಗೆ ಹಾಕ್ರಿ."

"ಕೂತೋನಿಗೆ ಏನು ಬರೀಲಿ?"

"ಕಬ್ಬಿಣ ಹಿಡ್ಕಂಡು ಕೂತೋನು ಅಂತ."

ಮೇಷ್ಟ್ರು ಬರೆದುಕೊಂಡರು. ಹೊನ್ನಕ್ಕ ತಿರುಗದೆಯೇ ಹೇಳಿದಳು: "ಬಸುರಿ ಅಂತಾನೂ ಬರೀರಿ. ಅದನ್ನ ಯಾರೂ ನೋಡಿಲ್ಲ. ಕೂತೋನೂ ನೋಡಿಲ್ಲ ಬಿಡ್ರಿ, ಅವ್ನ ಕಣ್ಣೆಲ್ಲಾ ಕಬ್ಬಿಣದ ಮ್ಯಾಲೆ."

"ನೋಡೀನಿ," ಎಂದ ಏಕಾಂತಪ್ಪ.

ಅವಳು ತಿರುಗಿದಳು.

"ಸುಧಾ ಹುಟ್ಟಿದ ವರ್ಷ ಒಂದು ಗಾಡಿ ಗಾಲಿ ಪಟ್ಟಿ ಕೆಲಸ ಹಿಡಿದ್ನೇನು ನಾನು? ಒಂದು ಕುಳ? ಬರೀ ಕುಡುಗೋಲು, ಮೊಳೆ, ಬಾಗ್ಲ ಚಿಲಕ. ದೊಡ್ಡ ಕೆಲಸ ತಂದೋರಿಗೆಲ್ಲಾ ಇದ್ದಿಲು ಸರಿ ಇಲ್ಲ, ಮುಂದಿನ ತಿಂಗ್ಳು ಬರ್ರಿ ಅಂತ ಸುಳ್ಳು ಹೇಳಿ ಕಳ್ಸಿದ್ದೆ. ನಿಂಗೆ ಹೇಳಿದ್ರೆ ನೀನು ಕೇಳ್ತಿದ್ದೇನು? ಓಡಿಹೋಗಿ ಕರ್ಕಂಡ್ ಬರ್ತಿದ್ದಿ."

ಅವಳ ಕಣ್ಣು ತುಂಬಿದ್ದನ್ನು ಏಕಾಂತಪ್ಪ ನೋಡಿದ, ಇಪ್ಪತ್ತಾರು ವರ್ಷದಲ್ಲಿ ಎರಡನೇ ಸಲವೋ ಮೂರನೇ ಸಲವೋ. ತಾನು ಬದುಕಿಕೊಂಡೆ ಎಂದುಕೊಂಡ.

"ಗಿರಾಕಿನ ನೀವು ಕಳ್ಸಿದ್ರಾ?" ಎಂದಳು ಅವಳು.

"ಹೂಂ."

"ಗಿರಾಕಿ ಯಾಕ ಬರ್ತಿಲ್ಲ, ಯಾರ ಕಣ್ಣು ಬಿತ್ತೋ ಅಂತ ನಾನು ಐದು ಸೋಮವಾರ ಒಪ್ಪತ್ತು ಇದ್ದೆ. ಆ ಹೊಟ್ಟೆ ಹೊತ್ಕಂಡು."

ಏಕಾಂತಪ್ಪ ಕೆಳಗಿಟ್ಟ ಕೊಡವನ್ನೇ ಮತ್ತೆ ಹೊತ್ತುಕೊಂಡ. ಮೇಷ್ಟ್ರು ನೋಟ್‌ಬುಕ್ ಮುಚ್ಚಿ ಹೊಳೆಯ ಕಡೆ ನೋಡತೊಡಗಿದರು.

ರಂಗವ್ವ ಅಷ್ಟೂ ಮಾತನ್ನು ಬಾಯಿ ಬಿಟ್ಟುಕೊಂಡು ಕೇಳಿದ್ದಳು. ಒಮ್ಮೆ ಕಲ್ಲಿನೊಳಗೆ ಕೂತವನನ್ನು, ಒಮ್ಮೆ ಏಕಾಂತಪ್ಪನನ್ನು ನೋಡಿ, ಆ ಒಂಟಿ ಚಪ್ಪಲಿಯನ್ನು ಕೈಗೆತ್ತಿಕೊಂಡಳು. "ಅಲ್ಲ ಮಗಳೇ, ಇಷ್ಟೆಲ್ಲಾ ಕೇಳಿದ್ ಮ್ಯಾಲೆ ನಂಗೇ ದಿಗಿಲಾತು. ಹಂಗಾರೆ ಇಂವ ರಾಕ್ಷಸ ಅಲ್ಲೇನು? ಹೆಂಗಸ್ರಿಗೆ ಹೊಡೀಬ್ಯಾಡ್ರಿ ಅಂತ ಹೇಳ್ಲಾ?"

ಹೊನ್ನಕ್ಕ ಸೆರಗಿನ ತುದಿಯಿಂದ ಮೊದಲು ತನ್ನ ಕಣ್ಣು ಒರೆಸಿಕೊಂಡಳು. ಆಮೇಲೆ ಅದೇ ತುದಿಯಿಂದ ಕೂತವನ ಮುಖದ ಮೇಲಿನ ನೀರು ಒರೆಸಿದಳು, ಸವೆದ ಕೆನ್ನೆ, ಇಲ್ಲದ ಮೂಗು, ಎಲ್ಲ.

"ಒಳ್ಳೇನೇ ಯವ್ವ ಇಂವ," ಎಂದಳು. "ಆದ್ರೂ ನೀನು ಹೊಡ್ಸೋದು ನಿಲ್ಲಿಸ್ಬ್ಯಾಡ."

ಮತ್ತೆ ಸೀಗೆಪುಡಿಯ ಚೀಲವನ್ನು ಏಕಾಂತಪ್ಪನ ಕೈಗೆ ಕೊಟ್ಟಳು. "ನಡೀರಿ. ಕುಕ್ಕುವಾಡದೋರ ಕುಳ ಹನ್ನೊಂದೂ ಹಂಗೇ ಬಿದ್ದಾವೆ. ಹೊತ್ತು ಇಳಿಯೋದ್ರೊಳಗೆ ಬೆಂಕಿ ಹಾಕಾಣ."